ಚಿನ್ನಿಯ ಜೊತೆ ಕ್ಯಾಂಪರ್ ವ್ಯಾನಿನಲ್ಲಿ ಫ್ರಾನ್ಸಿಗೆ: ಕಾಗದ, ಹುಳದ ಮಾತ್ರೆ, ಬಿಸಿಲು

ಓದುಗರ ಪ್ರಶ್ನೆ: ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ನಮ್ಮ ಚಿನ್ನಿ ಆರು ವರ್ಷದ ನಾಟಿ ಹೆಣ್ಣುನಾಯಿ, ತೂಕ 18 ಕೆ.ಜಿ. 2022ರಲ್ಲಿ ಬೆಂಗಳೂರಿನಿಂದ ಬರುವಾಗ ರಕ್ತಪರೀಕ್ಷೆ ಮಾಡಿಸಿ, ತಿಂಗಳುಗಟ್ಟಲೆ ಕಾದು ಅವಳನ್ನು ಕರೆತಂದೆವು. ಈಗ ಆಗಸ್ಟ್ 8ರ ಶನಿವಾರ ಬಾಡಿಗೆ ಕ್ಯಾಂಪರ್ ವ್ಯಾನಿನಲ್ಲಿ ಫ್ರಾನ್ಸಿಗೆ ಹೊರಟು, ಲ್ವಾರ್ ನದಿಯ ಕಡೆಯಿಂದ ದಕ್ಷಿಣದ ಮೋಂಪೆಲಿಯೆ ಹತ್ತಿರದ ಸಮುದ್ರದವರೆಗೆ ಹೋಗಿ, 23ರ ಭಾನುವಾರ ಸಂಜೆ ವಾಪಸಾಗುವ ಯೋಚನೆ. ನಮಗೆ ಇದು ಮೊದಲ ಸಲ. ಮತ್ತೆ ರಕ್ತಪರೀಕ್ಷೆ ಬೇಕೇ? ಪ್ರತಿ ವರ್ಷ ಬೂಸ್ಟರ್ ಹಾಕಿಸುತ್ತಿದ್ದೇವೆ, ಅದು ಸಾಲದೇ? ನಮ್ಮತ್ತೆ "ಗಡಿಯಲ್ಲಿ ನಾಯೀನ ಹಿಡಿದಿಟ್ಕೊಂಡ್ರೆ ಏನು ಮಾಡ್ತೀರಿ" ಎಂದು ದಿನವೂ ಫೋನ್ ಮಾಡುತ್ತಾರೆ. ಚಿನ್ನಿ ಕಾರಿನಲ್ಲಿ ವಾಂತಿ ಮಾಡುತ್ತಾಳೆ, ನಿದ್ದೆ ಮಾತ್ರೆ ಕೊಡಬಹುದೇ? ತಿನ್ನುವುದು ಮೊಸರನ್ನ, ಬೇಯಿಸಿದ ಕೋಳಿ. ಮನೆಯಿಂದಲೇ ಒಯ್ಯಬಹುದೇ? ಮಾರ್ಕೆಟ್ಟಿಗೆ ಹೋದಾಗ ಎಸಿ ಹಾಕಿ ಒಂದೆರಡು ಗಂಟೆ ವ್ಯಾನಿನಲ್ಲಿ ಬಿಡಬಹುದಲ್ಲವೇ? ನನ್ನದು ಬ್ರಿಟಿಷ್ ಪಾಸ್‌ಪೋರ್ಟ್, ನಮ್ಮವರದು ಭಾರತದ್ದು.

ಪಶುವೈದ್ಯರ ಉತ್ತರ:

ನಿಮ್ಮ ಪತ್ರದಲ್ಲಿ ಭಯವೆಲ್ಲ ಗಡಿಯ ಮೇಲೆ ಕೂತಿದೆ. ಗಡಿಯ ಕೆಲಸ ತಾರೀಖು ಮತ್ತು ಗಂಟೆಗಳ ಲೆಕ್ಕ, ಕೂತು ಬರೆದುಕೊಂಡರೆ ಮುಗಿಯುತ್ತದೆ. ನನಗೆ ದಿಗಿಲಾಗಿದ್ದು ನೀವು ಕೊನೆಯಲ್ಲಿ ಸುಮ್ಮನೆ ಸೇರಿಸಿದ ಆ ಸಾಲನ್ನು ಓದಿ, ಎಸಿ ಹಾಕಿ ವ್ಯಾನಿನಲ್ಲಿ ಬಿಡುವ ಮಾತನ್ನು. ಅದಕ್ಕೆ ಬರುತ್ತೇನೆ. ಕಾಗದದ ಕೆಲಸಕ್ಕೆ ಈಗಲೇ ಫೋನ್ ಮಾಡಬೇಕಾಗಿರುವುದರಿಂದ ಅದನ್ನು ಮೊದಲು ಹೇಳಿಬಿಡುತ್ತೇನೆ.

ರಕ್ತಪರೀಕ್ಷೆ ಬೇಡ. ಚಿನ್ನಿ ಎಲ್ಲಿ ಹುಟ್ಟಿದಳು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ಈಗ ಯಾವ ದೇಶದಿಂದ ಹೊರಡುತ್ತಾಳೆ ಎಂಬುದಷ್ಟೇ ಲೆಕ್ಕ. ಭಾರತದಿಂದ ನೇರವಾಗಿ ಬರುವ ನಾಯಿಗೆ ರೇಬೀಸ್ ಪ್ರತಿಕಾಯದ ಪರೀಕ್ಷೆ, ರಕ್ತ ತೆಗೆದ ದಿನದಿಂದ ಮೂರು ತಿಂಗಳ ಕಾಯುವಿಕೆ ಇದೆ. ಬ್ರಿಟನ್ನಿನಿಂದ ಯುರೋಪಿಯನ್ ಒಕ್ಕೂಟಕ್ಕೆ ಹೋಗುವಾಗ ಅದಿಲ್ಲ, ಹಿಂದಿರುಗುವಾಗಲೂ ಇಲ್ಲ.

ಆದರೆ ಬೂಸ್ಟರ್ ವಿಷಯದಲ್ಲಿ ನೀವು ಎಡವಿದ್ದೀರಿ ಅನಿಸುತ್ತದೆ. ಊರಿನಲ್ಲಿ ನಾಯಿಗೆ ಇಂಜೆಕ್ಷನ್ ಎಂದರೆ ಮೊದಲು ನೆನಪಾಗುವುದೇ ರೇಬೀಸ್. ಇಲ್ಲಿ ಹಾಗಲ್ಲ. ಬ್ರಿಟನ್ನಿನ ನಾಯಿಗಳಲ್ಲಿ ರೇಬೀಸ್ ಇಲ್ಲದ ಕಾರಣ ವರ್ಷ ವರ್ಷ ಹಾಕುವ ಬೂಸ್ಟರಿನಲ್ಲಿ ಅದು ಸೇರಿಲ್ಲ; ಡಿಸ್ಟೆಂಪರ್, ಪಾರ್ವೊ, ಹೆಪಟೈಟಿಸ್, ಲೆಪ್ಟೊಸ್ಪೈರೋಸಿಸ್ ಇಷ್ಟೇ ಇರುತ್ತವೆ. ಲಸಿಕೆ ಪುಸ್ತಕ ತೆಗೆದು ರೇಬೀಸ್ ಎಂಬ ಹೆಸರೇ ಬರೆದಿರುವ ಸಾಲು ಹುಡುಕಿ. ಕೊನೆಯ ರೇಬೀಸ್ ಲಸಿಕೆ ಬೆಂಗಳೂರಿನದೇ ಆಗಿದ್ದರೆ ಅದರ ಅವಧಿ ಮುಗಿದಿರುವುದು ಬಹುಪಾಲು ಖಚಿತ. ಅವಧಿಯೊಳಗೆ ಮತ್ತೆ ಹಾಕಿಸಿದರೆ ಕಾಯಬೇಕಿಲ್ಲ. ಒಂದು ದಿನ ತಪ್ಪಿದ್ದರೂ ಅದು ಮೊದಲ ಲಸಿಕೆ ಎಂದೇ ಲೆಕ್ಕ, 21 ದಿನ ಕಾಯಬೇಕು. ಹಾಕಿಸಿದ ದಿನವನ್ನು ಸೊನ್ನೆ ಎಂದು ಎಣಿಸುತ್ತಾರೆ. ಆಗಸ್ಟ್ 8ಕ್ಕೆ ಹೊರಡುವವರು ಜುಲೈವರೆಗೆ ತಳ್ಳದೆ ಜೂನ್ ಮೊದಲಲ್ಲೇ ಹಾಕಿಸಿಕೊಳ್ಳಿ. ಸೂಜಿ ಚುಚ್ಚುವ ಮುಂಚೆ ಅವಳ ಚರ್ಮದಡಿಯ ಗುರುತಿನ ಚಿಪ್ ಓದಿಸಿ, ಸಂಖ್ಯೆಯನ್ನು ಲಸಿಕೆಯ ದಾಖಲೆಯಲ್ಲಿ ಬರೆಸಿ. ಹದಿನೈದು ಅಂಕಿಗಳಲ್ಲಿ ಒಂದು ಹಿಂದುಮುಂದಾದರೂ ಗಡಿಯಲ್ಲಿ ಅದು ಬೇರೆ ನಾಯಿಯ ಕಾಗದ. ಚಿಪ್ ನೋಂದಣಿಯಲ್ಲಿರುವ ನಿಮ್ಮ ಮೊಬೈಲ್ ನಂಬರಿಗೆ ಮುಂದೆ 44 ಸೇರಿಸಿಡಿ. ಫ್ರಾನ್ಸಿನಲ್ಲಿ ಅವಳು ಕಳೆದುಹೋಗಿ ಯಾರಾದರೂ ಫೋನ್ ಮಾಡಿದರೆ ನಿಮಗೆ ತಲುಪಬೇಕಲ್ಲ.

ಎರಡನೆಯ ಕಾಗದ ಆರೋಗ್ಯ ಪ್ರಮಾಣಪತ್ರ. ಇದನ್ನು ಎಲ್ಲ ಪಶುವೈದ್ಯರೂ ಕೊಡುವಂತಿಲ್ಲ, ಸರ್ಕಾರದ ಅಧಿಕಾರ ಪಡೆದ ಅಧಿಕೃತ ವೈದ್ಯರೇ ಸಹಿ ಹಾಕಬೇಕು. ಯುರೋಪಿನೊಳಗೆ ಕಾಲಿಡುವ ಮುಂಚಿನ 10 ದಿನದೊಳಗೆ ಅದು ಸಿದ್ಧವಾಗಿರಬೇಕು, ಅಂದರೆ ನಿಮಗೆ ಜುಲೈ 29ಕ್ಕಿಂತ ಮುಂಚೆ ಬೇಡ. ಆಗಸ್ಟ್ 3 ಅಥವಾ 4 ಸರಿಯಾದ ದಿನ, ತಪ್ಪು ಕಂಡರೆ ತಿದ್ದಿಸಲು ಸಮಯ ಉಳಿಯುತ್ತದೆ. ಬೇಸಿಗೆ ರಜೆಯಲ್ಲಿ ಈ ವೈದ್ಯರ ಸಮಯ ಸಿಗುವುದು ಕಷ್ಟ, ಜೂನ್‌ನಲ್ಲೇ ಬುಕ್ ಮಾಡಿ. ಶುಲ್ಕ ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಬಹಳ ವ್ಯತ್ಯಾಸ, ಎರಡು ಮೂರು ಕಡೆ ಕೇಳಿ ನೋಡಿ. ಮೊದಲು ಕಾಲಿಡುವ ದೇಶದ ಭಾಷೆಯೂ ಪತ್ರದಲ್ಲಿರಬೇಕು, ನಿಮಗೆ ಇಂಗ್ಲಿಷ್ ಜೊತೆ ಫ್ರೆಂಚ್. ಪ್ರತಿ ಪ್ರವಾಸಕ್ಕೂ ಹೊಸ ಪತ್ರ.

ಅದರಲ್ಲಿ ಮಾಲೀಕರೆಂದು ನಿಮ್ಮ ಹೆಸರು ಬರೆಸಿ, ನಿಮ್ಮವರದು ಬೇಡ. ಭಾರತದ ಪಾಸ್‌ಪೋರ್ಟಿಗೆ ಷೆಂಗೆನ್ ವೀಸಾ ಬೇಕು, ಬ್ರಿಟನ್ನಿನಲ್ಲಿ ಕಾಯಂ ವಾಸದ ಅನುಮತಿ ಇದ್ದರೂ ಬೇಕು. ಅರ್ಜಿಯನ್ನು ಆರು ತಿಂಗಳು ಮುಂಚೆಯಿಂದ ಹಾಕಬಹುದು, ಕಡೇಪಕ್ಷ 15 ದಿನ ಮುಂಚೆಯಾದರೂ ಹಾಕಿರಬೇಕು. ಅದು ತಡವಾಗಿ ಅವರು ಆಮೇಲೆ ಬಂದು ಸೇರಿಕೊಳ್ಳುವಂತಾದರೂ ಚಿನ್ನಿಯ ಕಾಗದ ಕೆಡಬಾರದು. ವ್ಯಾನಿನ ಕಂಪನಿಯಿಂದ ದೇಶದ ಹೊರಗೆ ಒಯ್ಯಲು ವಿಇ103 ಪತ್ರ, ನಾಯಿಗೆ ಲಿಖಿತ ಒಪ್ಪಿಗೆ, ಯುರೋಪಿನ ವಿಮೆ ಕೇಳಿ ಪಡೆಯಿರಿ. ವ್ಯಾನ್ ಕೆಟ್ಟು ನಿಂತರೆ ಎಳೆದೊಯ್ಯುವ ಲಾರಿಯಲ್ಲಿ ನಾಯಿಗೆ ಜಾಗ ಕೊಡುತ್ತಾರೆಯೇ ಎಂದು ವಿಮೆಯವರನ್ನು ಆಗಲೇ ಕೇಳಿಬಿಡಿ.

ಊಟದ ಮಾತಿಗೆ ಬೇಸರದ ಉತ್ತರ. ಬ್ರಿಟನ್ನಿನಿಂದ ಯುರೋಪಿಯನ್ ಒಕ್ಕೂಟಕ್ಕೆ ಮಾಂಸ, ಹಾಲು, ಅವುಗಳಿಂದ ಮಾಡಿದ್ದು ಯಾವುದನ್ನೂ ಪ್ರಯಾಣಿಕರು ಒಯ್ಯುವಂತಿಲ್ಲ. ಬೇಯಿಸಿದ ಕೋಳಿ ಹೋಯಿತು, ಮೊಸರು ಹೋಯಿತು, ನಿಮ್ಮ ಅಡುಗೆಯ ತುಪ್ಪ, ಪನೀರೂ ಹೋದವು. ಮಾಂಸ ಸೇರಿದ ಅಂಗಡಿಯ ನಾಯಿ ಆಹಾರಕ್ಕೂ ಇದೇ ನಿಯಮ. ಕಾಯಿಲೆಗೆಂದು ಕೊಡುವ ವಿಶೇಷ ಆಹಾರಕ್ಕೆ ಮಾತ್ರ ಒಬ್ಬರಿಗೆ 2 ಕೆ.ಜಿ.ವರೆಗೆ ವಿನಾಯಿತಿ. ಕರಿಬೇವಿನ ಸೊಪ್ಪೂ ಬೇಡ, ಹಸಿ ಸೊಪ್ಪಿಗೆ ಸಸ್ಯ ಆರೋಗ್ಯದ ಪತ್ರ ಕೇಳುತ್ತಾರೆ. ತೆಂಗಿನಕಾಯಿ, ಬಾಳೆಹಣ್ಣು, ಖರ್ಜೂರ ಪತ್ರವಿಲ್ಲದೆ ಹೋಗುತ್ತವೆ. ಅಕ್ಕಿ, ಸಾರಿನ ಪುಡಿಗೆ ತೊಂದರೆಯಿಲ್ಲ. ಎಲ್ಲ ಗಾಡಿಯನ್ನೂ ತೆರೆದು ನೋಡುವುದಿಲ್ಲ ಎಂದು ಯಾರಾದರೂ ಹೇಳಿಯಾರು. ತೆರೆದ ದಿನ ನಾಯಿಯ ಹದಿನೈದು ದಿನದ ಊಟ ಕಸದ ಡಬ್ಬಿಗೆ ಹೋಗುತ್ತದೆ. ಅಕ್ಕಿ ಒಯ್ದು ಫ್ರಾನ್ಸಿನ ದಡದ ಕ್ಯಾಲೆಯಲ್ಲಿ ಇಳಿದ ಮೇಲೆ ಸೂಪರ್ ಮಾರ್ಕೆಟ್ಟಿನಲ್ಲಿ ಸಕ್ಕರೆ, ಸುವಾಸನೆ ಇಲ್ಲದ ಸಾದಾ ಮೊಸರು, ಕೋಳಿ ಕೊಳ್ಳಿ. ಬೇಯಿಸುವಾಗ ಈರುಳ್ಳಿ ಬೇಡ. ವ್ಯಾನಿನ ಒಲೆಯಲ್ಲಿ ದಿನಾ ಅಡುಗೆ ಆಗದು ಅನಿಸಿದರೆ ಫ್ರಾನ್ಸಿನಲ್ಲೂ ಸಿಗುವ ಬ್ರ್ಯಾಂಡಿನ ಒಣ ಆಹಾರವನ್ನು ಜುಲೈನಲ್ಲೇ ರೂಢಿ ಮಾಡಿಸಿ. ಮೊದಲ ಎರಡು ದಿನ ಕಾಲು ಭಾಗ, ಆಮೇಲೆ ಅರ್ಧ, ಹೀಗೆ ಏಳೆಂಟು ದಿನದಲ್ಲಿ ಪೂರ್ತಿ. ಹೊರಟ ದಿನ ಏಕಾಏಕಿ ಬದಲಿಸಿದರೆ ಭೇದಿ ಶುರುವಾಗುತ್ತದೆ, ಅದೂ ಎರಡು ಚದರ ಮೀಟರ್ ನೆಲದ ವ್ಯಾನಿನೊಳಗೆ.

ಇಂಗ್ಲೆಂಡ್, ಫ್ರಾನ್ಸ್ ನಡುವಿನ ಚಾನಲ್ ಸಮುದ್ರ ದಾಟಲು ಫೋಕ್‌ಸ್ಟನ್‌ನಿಂದ ಸುರಂಗದ ರೈಲು ಹಿಡಿಯಿರಿ. 35 ನಿಮಿಷ, ಚಿನ್ನಿ ನಿಮ್ಮ ಜೊತೆಯಲ್ಲೇ ವ್ಯಾನಿನಲ್ಲಿರುತ್ತಾಳೆ. ಡೋವರ್‌ನಿಂದ ಹೋಗುವ ಹಡಗಿನಲ್ಲಿ ನಾಯಿಗಳು ಸಾಮಾನ್ಯವಾಗಿ ಕೆಳಗೆ ವಾಹನದಲ್ಲೇ ಉಳಿಯಬೇಕು, ಪ್ರಯಾಣದ ಮಧ್ಯೆ ಆ ಅಂತಸ್ತಿಗೆ ಇಳಿಯಲು ನಿಮ್ಮನ್ನು ಬಿಡುವುದಿಲ್ಲ. ಹೆದರುವ ನಾಯಿಗೆ ಆ ಸದ್ದು, ಸೆಕೆ ಬೇಡ. ರೈಲು ಹತ್ತುವ ಮುಂಚೆ ಅಡುಗೆ ಗ್ಯಾಸಿನ ವಾಲ್ವ್ ಮುಚ್ಚಿರಬೇಕು. ಎಂಜಿನ್ನೇ ಗ್ಯಾಸಿನಲ್ಲಿ ಓಡುವ ವ್ಯಾನನ್ನು ಸುರಂಗದೊಳಗೆ ಬಿಡುವುದಿಲ್ಲ, ಬಾಡಿಗೆ ಮಾಡುವಾಗಲೇ ಕೇಳಿ.

ವ್ಯಾನ್ ಓಡುವಾಗ ಅವಳನ್ನು ಕಟ್ಟದೆ ಬಿಡಬೇಡಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಡಿಕ್ಕಿಯಾಗಿ ಅರ್ಧ ಮೀಟರಿನಲ್ಲಿ ನಿಂತರೆ 18 ಕೆ.ಜಿ. ನಾಯಿ ಸುಮಾರು 350 ಕೆ.ಜಿ. ಬಲದಲ್ಲಿ ಮುಂದಕ್ಕೆ ಅಪ್ಪಳಿಸುತ್ತದೆ, ಮುಂದೆ ಕೂತಿರುವುದು ನೀವಿಬ್ಬರು. ಹಿಂದಿನ ಸೀಟಿಗೆ ಸರಿಯಾದ ಬೆಲ್ಟ್ ಇದ್ದರೆ ಡಿಕ್ಕಿ ಪರೀಕ್ಷೆಯಾದ ಹಾರ್ನೆಸ್ ಹಾಕಿ. ಕೊಂಡಿಯನ್ನು ಎದೆಪಟ್ಟಿಗೆ ಸಿಕ್ಕಿಸಬೇಕು, ಕುತ್ತಿಗೆಯ ಕಾಲರಿಗಲ್ಲ. ಪಂಜರವಾದರೆ ನೆಲದ ಗಟ್ಟಿ ಕೊಕ್ಕೆಗಳಿಗೆ ಪಟ್ಟಿ ಬಿಗಿಯಬೇಕು. ಮೇಜಿನ ಕಾಲಿಗೆ ಕಟ್ಟಿದರೆ ಮೇಜೂ ಹಾರಿಬರುತ್ತದೆ.

ಅವಳ ಹಾಸಿಗೆ ಹಾಕುವ ಮುಂಚೆ ವ್ಯಾನಿನ ನೆಲವನ್ನು ಬಗ್ಗಿ ನೋಡಿ. ಒಲೆಯ ಹತ್ತಿರ, ಸಿಲಿಂಡರ್ ಡಬ್ಬಿಯ ಹತ್ತಿರ ಅಂಗೈಯಗಲದ ಜಾಲರಿ ಅಥವಾ ಸಣ್ಣ ತೂತುಗಳು ಕಾಣುತ್ತವೆ. ಕೊಳೆ ಬಿದ್ದ ಗಾಳಿಕಿಂಡಿ ಎಂದು ಹೆಚ್ಚಿನವರು ಅದರ ಮೇಲೆ ನಾಯಿಯ ಹಾಸಿಗೆ ಎಳೆಯುತ್ತಾರೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಮೇಲೇರದೆ ನೆಲಕ್ಕಿಳಿದು ಆ ತೂತಿನಿಂದ ಹೊರಗೆ ಹೋಗಬೇಕು. ಅದನ್ನು ಮುಚ್ಚಿದರೆ ಗ್ಯಾಸ್ ನೆಲದಲ್ಲೇ ನಿಲ್ಲುತ್ತದೆ, ಮೊದಲು ಉಸಿರಾಡುವುದು ನೆಲದಲ್ಲಿ ಮಲಗಿದ ಚಿನ್ನಿ. ಇನ್ನೊಂದು, ವ್ಯಾನಿನ ಬೀಗದ ಕೈ ಯಾವತ್ತೂ ನಿಮ್ಮ ಜೇಬಿನಲ್ಲಿರಲಿ. ಮುಂದಿನ ಸೀಟಿಗೆ ಹಾರಿದ ನಾಯಿ ಬಾಗಿಲು ಲಾಕ್ ಮಾಡುವ ಗುಂಡಿ ಮೆಟ್ಟಿದರೆ ಅವಳು ಒಳಗೆ, ನೀವು ಹೊರಗೆ.

ವಾಂತಿಗೆ ನಿದ್ದೆ ಮಾತ್ರೆ ಬೇಡ. ಮಂಪರು ಬರಿಸುವ ಹಳೆಯ ಮಾತ್ರೆಗಳು ಕಾಲಿನ ಶಕ್ತಿ ಕಳೆಯುತ್ತವೆ, ಭಯ ಹಾಗೇ ಉಳಿಯುತ್ತದೆ. ರಕ್ತದೊತ್ತಡ ಇಳಿಯುತ್ತದೆ, ಮೈಯ ಶಾಖ ಕಾಯ್ದುಕೊಳ್ಳುವ ಶಕ್ತಿ ಕುಗ್ಗುತ್ತದೆ. ಆಗಸ್ಟಿನ ಫ್ರಾನ್ಸಿನಲ್ಲಿ ಅದು ಅಪಾಯ. ಪ್ರಯಾಣದ ವಾಂತಿಗೆಂದೇ ಮಾರೊಪಿಟಂಟ್ ಮಾತ್ರೆ ಇದೆ, ನಿಮ್ಮ ವೈದ್ಯರು ತೂಕ ನೋಡಿ ಬರೆದುಕೊಡುತ್ತಾರೆ. ಹೊರಡುವ ಒಂದು ಗಂಟೆಯಾದರೂ ಮುಂಚೆ ಕೊಡಬೇಕು. ದೊಡ್ಡ ಊಟ ಪ್ರಯಾಣಕ್ಕೆ ಮೂರು ನಾಲ್ಕು ಗಂಟೆ ಮೊದಲೇ ಮುಗಿದಿರಲಿ. ಅದಕ್ಕಿಂತ ಹೆಚ್ಚು ಉಪಕಾರ ಮಾಡುವುದು ಅಭ್ಯಾಸ. ಆ ವ್ಯಾನನ್ನೋ ಅಂಥದ್ದನ್ನೋ ತಂದು ಮನೆಯೆದುರು ನಿಲ್ಲಿಸಿ ಅದರೊಳಗೆ ಊಟ ಹಾಕಿ, ಆಮೇಲೆ ಹತ್ತು ನಿಮಿಷದ ಸುತ್ತು, ಆಮೇಲೆ ಇಂಗ್ಲೆಂಡಿನೊಳಗೇ ಒಂದು ವಾರಾಂತ್ಯ. ಅಲ್ಲೇ ತೊಂದರೆಯಾದರೆ ಮನೆಗೆ ಬರುವುದು ಸುಲಭ.

ಈಗ ಎಸಿ. ಮೊದಲು ಅದು ಯಾವ ಎಸಿ ಎಂದು ಕೇಳಿ. ಬಾಡಿಗೆ ವ್ಯಾನುಗಳಲ್ಲಿ ಇರುವುದು ಬಹುತೇಕ ಎಂಜಿನ್ನಿನ ಎಸಿ, ಎಂಜಿನ್ ನಿಂತರೆ ಅದೂ ನಿಂತಿತು. ಛಾವಣಿಯ ಮೇಲೆ ಬೇರೆ ಎಸಿ ಇದ್ದರೂ ಅದು ಕ್ಯಾಂಪಿಂಗ್ ತಾಣದ ಕರೆಂಟಿನಲ್ಲಿ ಓಡಬೇಕು. ಫ್ರಾನ್ಸಿನ ಎಷ್ಟೋ ತಾಣಗಳಲ್ಲಿ ಒಂದು ವ್ಯಾನಿಗೆ ಕೊಡುವುದು 6 ಆಂಪಿಯರ್, 230 ವೋಲ್ಟಿನಲ್ಲಿ ಅದು 1380 ವ್ಯಾಟ್. ಎಸಿಯೊಂದಕ್ಕೇ ಅದರ ದೊಡ್ಡ ಪಾಲು ಹೋಗುತ್ತದೆ, ಕಂಪ್ರೆಸರ್ ಶುರುವಾಗುವ ಕ್ಷಣ ಇನ್ನೂ ಹೆಚ್ಚು ಎಳೆಯುತ್ತದೆ. ಜೊತೆಗೆ ಫ್ರಿಜ್ಜು, ಬ್ಯಾಟರಿಯ ಚಾರ್ಜರ್ರು, ತಾನಾಗಿ ಹತ್ತಿಕೊಳ್ಳುವ ನೀರಿನ ಹೀಟರ್ರು. ಕಂಬದಲ್ಲಿ ಟ್ರಿಪ್ ಆಗುತ್ತದೆ, ಆ ಡಬ್ಬಿಗೆ ಕೆಲವು ಕಡೆ ಬೀಗ ಬೇರೆ. ನೀವು ಮಾರ್ಕೆಟ್ಟಿನಲ್ಲಿ ಟೊಮೆಟೊ ಆರಿಸುತ್ತಿರುತ್ತೀರಿ, ವ್ಯಾನಿನ ಕಿಟಕಿಗಳೆಲ್ಲ ಎಸಿಗೆಂದು ಮುಚ್ಚಿರುತ್ತವೆ. ಎಸಿ ಇಲ್ಲದ ವ್ಯಾನಿಗಿಂತ ಎಸಿ ನಿಂತ ವ್ಯಾನು ಕೆಟ್ಟದ್ದು.

2005ರಲ್ಲಿ ಸ್ಟ್ಯಾನ್‌ಫರ್ಡಿನ ವೈದ್ಯರು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗಿನ ಶಾಖ ಅಳೆದರು. ಹೊರಗೆ 22 ಡಿಗ್ರಿಯ ಹಿತವಾದ ಹವೆ ಇದ್ದ ದಿನವೂ ಒಳಗೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಏರಿತು, ಅದರಲ್ಲಿ ಶೇ. 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿ ಒಂದಿಷ್ಟು ಇಳಿಸಿಟ್ಟದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ವ್ಯಾನು ಕಾರಿಗಿಂತ ದೊಡ್ಡದು, ಶಾಖ ಏರುವುದು ಸ್ವಲ್ಪ ನಿಧಾನವಾದೀತು, ಆದರೆ ಅದರ ಮುಂದಿನ ಗಾಜೂ ದೊಡ್ಡದು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕುವುದೇ ಅದರ ದಾರಿ, ಸುತ್ತಲ ಗಾಳಿಯೇ ಬಿಸಿಯಾಗಿ ತೇವವಾದರೆ ಆ ದಾರಿಯೂ ಮುಚ್ಚುತ್ತದೆ. "ನಮ್ಮದು ನಾಟಿ ನಾಯಿ, ಬೆಂಗಳೂರಿನ ಬಿಸಿಲು ಕಂಡವಳು" ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಬೀದಿಯ ನಾಯಿ ಬದುಕುವುದು ನೆರಳು ಹುಡುಕಿ, ಮೋರಿಯ ತೇವದ ಮಣ್ಣು ಕೆದರಿ ಮಲಗಿ. ಮುಚ್ಚಿದ ವ್ಯಾನಿನಲ್ಲಿ ಅವಳಿಗೆ ಹೋಗಲು ಜಾಗವಿಲ್ಲ. ಮೇಲಾಗಿ ನಾಲ್ಕು ವರ್ಷ ರೆಡಿಂಗ್‌ನಲ್ಲಿ ಬೆಳೆದ ಮೈ ಅದು.

ಹಾಗಾದರೆ ಏನು ಮಾಡಬಹುದು? ಒಬ್ಬರು ಮಾರ್ಕೆಟ್ಟಿಗೆ, ಒಬ್ಬರು ಅವಳ ಜೊತೆ ಮರದ ನೆರಳಿಗೆ: ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಊರಿನ ಸಂತೆಗಳು ಬೆಳಿಗ್ಗೆಯೇ ತೆರೆಯುತ್ತವೆ, ಎಂಟು ಗಂಟೆಗೆ ಅವಳನ್ನೂ ಕರೆದುಕೊಂಡು ಹೋಗಬಹುದು. ಅಂಗೈಯ ಹಿಂಬದಿಯನ್ನು ರಸ್ತೆಗೆ ಐದು ಸೆಕೆಂಡ್ ಒತ್ತಿ ಹಿಡಿಯಲಾಗದಿದ್ದರೆ ಅವಳ ಪಾದಕ್ಕೂ ಆಗದು. ಅರಮನೆ, ಮ್ಯೂಸಿಯಂ ಇಬ್ಬರೂ ನೋಡಲೇಬೇಕೆಂದರೆ ಆ ದಿನಕ್ಕೆ ನಾಯಿ ನೋಡಿಕೊಳ್ಳುವವರನ್ನು ಮೊದಲೇ ಗೊತ್ತುಮಾಡಿ. ಹೊಸ ಜಾಗದಲ್ಲಿ ಅವಳು ತಪ್ಪಿಸಿಕೊಳ್ಳುವ ಸಂಭವ ಉಂಟು, ಕಾಲರಿನಲ್ಲಿ ನಂಬರ್ ಇರಲಿ. ಫೋನಿಗೆ ಶಾಖ ತಿಳಿಸುವ ಯಂತ್ರ ಸಿಗುತ್ತದೆ, ಇಟ್ಟುಕೊಳ್ಳಿ, ಆದರೆ ಅದು ಸುದ್ದಿ ಕೊಡುತ್ತದೆ, ಬಾಗಿಲು ತೆರೆಯುವುದಿಲ್ಲ. ವ್ಯಾನು ನಿಲ್ಲಿಸುವಾಗ ಮುಂದಿನ ಗಾಜು ಉತ್ತರಕ್ಕಿರಲಿ. ಬೆಳ್ಳಿ ಬಣ್ಣದ ಪರದೆಯನ್ನು ಗಾಜಿನ ಹೊರಗೆ ಹಾಕಿ. ಒಳಗೆ ಹಾಕಿದರೆ ಬಿಸಿಲು ಗಾಜು ದಾಟಿ ಬಂದ ಮೇಲೆ ತಡೆದಂತಾಗುತ್ತದೆ.

ಆದರೂ ಅವಳು ಜೋರಾಗಿ ತೇಕುತ್ತಾ, ಜೊಲ್ಲು ಸುರಿಸುತ್ತಾ, ವಸಡು ಕಡುಕೆಂಪಾಗಿ, ಕಾಲು ತಡವರಿಸಿದರೆ ವೈದ್ಯರ ನಂಬರ್ ಹುಡುಕುವ ಮುಂಚೆ ನೀರು ಸುರಿಯಿರಿ. ನೆರಳಿಗೆ ತಂದು, ನಲ್ಲಿಯ ನೀರನ್ನು ಹೊಟ್ಟೆ, ತೊಡೆಸಂದಿ, ಎದೆಗೆ ನಿಲ್ಲಿಸದೆ ಸುರಿದು ಗಾಳಿ ಬೀಸಿ. ತಣ್ಣೀರು ಸುರಿದರೆ ಆಘಾತವಾಗುತ್ತದೆ ಎನ್ನುವುದು ಹಳೆಯ ನಂಬಿಕೆ, ಅದನ್ನು ನಂಬಿ ತಡಮಾಡಿದ್ದರಿಂದಲೇ ಹೆಚ್ಚು ನಾಯಿಗಳಿಗೆ ಕೇಡಾಗಿದೆ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಸ್ವಲ್ಪ ಹೊತ್ತಿಗೆ ಅದು ಬಿಸಿಯಾಗಿ ಶಾಖವನ್ನು ಒಳಗೇ ಕಟ್ಟಿಹಾಕುತ್ತದೆ. ಮೈ ತಣಿಯುತ್ತಾ ಬಂದಂತೆ ವ್ಯಾನಿನ ಎಂಜಿನ್ ಎಸಿ ಹಾಕಿಕೊಂಡು ಆಸ್ಪತ್ರೆಗೆ ಹೊರಡಿ. ಚೇತರಿಸಿಕೊಂಡಂತೆ ಕಂಡರೂ ಹೋಗಲೇಬೇಕು. ಮೂತ್ರಪಿಂಡ, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಗಳಿಗಾದ ಪೆಟ್ಟು ಕೆಲವೊಮ್ಮೆ ಮರುದಿನ ಹೊರಬೀಳುತ್ತದೆ.

ಇದೇ ಕಾರಣಕ್ಕೆ ಮೊದಲ ಪ್ರವಾಸಕ್ಕೆ ಮೋಂಪೆಲಿಯೆ ಬಿಟ್ಟುಬಿಡಿ ಎನ್ನುತ್ತೇನೆ. ಕ್ಯಾಲೆಯಿಂದ ಹೋಗುವುದೇ ಸಾವಿರ ಕಿ.ಮೀ. ದಾಟುತ್ತದೆ, ವಾಂತಿ ಮಾಡುವ ನಾಯಿಗೆ ಅಷ್ಟೇ ದೂರ ವಾಪಸ್ಸೂ ಇದೆ. ಆಗಸ್ಟಿನಲ್ಲಿ ಅಲ್ಲಿನ ಎಷ್ಟೋ ಕಡಲತೀರಗಳಿಗೆ ನಾಯಿಗಳನ್ನು ಬಿಡುವುದಿಲ್ಲ. ಜೊತೆಗೆ ಮೆಡಿಟರೇನಿಯನ್ ಸುತ್ತ ಮರಳುನೊಣ ಇದೆ. ಎರಡು ಮೂರು ಮಿಲಿಮೀಟರಿನ, ಸದ್ದಿಲ್ಲದ ಹುಳ, ಮಾಮೂಲಿ ಸೊಳ್ಳೆ ಪರದೆಯ ಕಣ್ಣಿನಲ್ಲೇ ನುಸುಳುತ್ತದೆ. ಕಾಲಾ ಅಜಾರ್ ತರುವ ಲೀಷ್ಮೇನಿಯಾ ಜಾತಿಯದೇ ಒಂದು ಪರೋಪಜೀವಿಯನ್ನು ನಾಯಿಗೆ ದಾಟಿಸುತ್ತದೆ, ಅದು ಜೀವಮಾನದ ಚಿಕಿತ್ಸೆ ಬೇಡುವ ರೋಗ. ಲ್ವಾರ್ ಮತ್ತು ಫ್ರಾನ್ಸಿನ ವಾಯವ್ಯದ ಬ್ರಿಟನಿ ಪ್ರಾಂತ್ಯದ ಕರಾವಳಿಗೆ ಮುಗಿಸಿಕೊಂಡರೆ ದಾರಿಯೂ ಕಮ್ಮಿ, ಸೆಕೆಯೂ ಕಮ್ಮಿ. ದಕ್ಷಿಣಕ್ಕೆ ಹೋಗಿಯೇ ತೀರುತ್ತೇವೆ ಎಂದರೆ ಡೆಲ್ಟಾಮೆಥ್ರಿನ್ ಕಾಲರನ್ನು ಎರಡು ವಾರ ಮುಂಚೆ, ಜುಲೈ 25ರ ಒಳಗೆ ಹಾಕಿ, ಹಾಕಿದ ದಿನವೇ ಅದು ಕೆಲಸ ಮಾಡುವುದಿಲ್ಲ. ಮುಸ್ಸಂಜೆಯಿಂದ ಬೆಳಗಿನವರೆಗೆ ಅವಳು ವ್ಯಾನಿನೊಳಗಿರಲಿ. ಹೃದಯದ ಹುಳಕ್ಕೆ ತಿಂಗಳಿಗೊಮ್ಮೆ ಕೊಡುವ ಔಷಧಿ ಬಗ್ಗೆಯೂ ಕೇಳಿ. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್ ಇರುವ ಔಷಧಿ ತರಲೇಬೇಡಿ, ಬೆಕ್ಕಿಗೆ ಅದು ಪ್ರಾಣಾಂತಿಕ.

ಉಣುಗು ಮಾತ್ರ ಫ್ರಾನ್ಸಿನ ಎಲ್ಲ ಕಡೆ ಇದೆ. ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ, ದಿನವೂ ಸಂಜೆ ಬೆರಳಿನಿಂದ ಕಿವಿಯ ಒಳಗೆ, ಕಂಕುಳು, ಬೆರಳಸಂದಿ, ಬಾಲದ ಬುಡ ತಡವಿ ನೋಡಿ. ಅದೇ ಹೊತ್ತಿಗೆ ಒಣಹುಲ್ಲಿನ ಚೂಪಾದ ಬೀಜವನ್ನೂ ಹುಡುಕಿ. ಬೆರಳಸಂದಿಯಲ್ಲಿ ಹೊಕ್ಕರೆ ಒಳಕ್ಕೇ ಸರಿಯುತ್ತದೆ, ಹಿಂದಕ್ಕೆ ಬರುವುದಿಲ್ಲ.

ಇನ್ನು ವಾಪಸಾತಿ. ಅತ್ತೆಯವರ ಭಯಕ್ಕೆ ನಿಜವಾಗಿ ಆಧಾರವಿರುವುದು ಇಲ್ಲಿ. ಬ್ರಿಟನ್ನಿಗೆ ಹಿಂದಿರುಗುವ ನಾಯಿಗೆ ಲಾಡಿಹುಳುವಿನ ಮಾತ್ರೆಯನ್ನು ವೈದ್ಯರೇ ಕೊಟ್ಟು ಪ್ರಮಾಣಪತ್ರದಲ್ಲಿ ಬರೆದಿರಬೇಕು, ಬ್ರಿಟನ್ ತಲುಪುವುದಕ್ಕೆ 24 ಗಂಟೆಗಿಂತ ಕಮ್ಮಿ ಇರಬಾರದು, 120 ಗಂಟೆಗಿಂತ ಹೆಚ್ಚಾಗಿರಬಾರದು. ಗುರಿ ಎಕಿನೊಕಾಕಸ್ ಎಂಬ ಪುಟ್ಟ ಹುಳ. ನಾಯಿಗೆ ಏನೂ ಮಾಡದು, ಮನುಷ್ಯನ ಯಕೃತ್ತಿನಲ್ಲಿ ಗಡ್ಡೆಯಂತೆ ಬೆಳೆಯುತ್ತದೆ. ಮಾತ್ರೆಯಲ್ಲಿರುವ ಪ್ರಾಜಿಕ್ವಾಂಟೆಲ್ ಎಂಬ ಔಷಧಿ ಹುಳವನ್ನು ಕೊಲ್ಲುತ್ತದೆ, ಕರುಳಿನಲ್ಲಿ ಆಗಲೇ ಇರುವ ಮೊಟ್ಟೆಗಳನ್ನಲ್ಲ. ಅವು ಹೊರಹೋಗಲು ಒಂದು ದಿನ. ಔಷಧಿಯ ಪ್ರಭಾವ ಮೈಯಲ್ಲಿ ಉಳಿಯುವುದಿಲ್ಲ, ಬಹಳ ದಿನ ಬಿಟ್ಟರೆ ಮತ್ತೆ ಸೋಂಕಬಹುದು. ಎರಡು ಗಡುವಿಗೂ ಕಾರಣ ಇಷ್ಟೇ.

ನಿಮ್ಮ ಲೆಕ್ಕ ಮಾಡೋಣ. 23ರ ಭಾನುವಾರ ಸಂಜೆ 6ಕ್ಕೆ ಬ್ರಿಟನ್ ತಲುಪುತ್ತೀರಿ ಎಂದರೆ ಮಂಗಳವಾರ ಸಂಜೆ 6ರಿಂದ ಶನಿವಾರ ಸಂಜೆ 6ರ ನಡುವೆ ಮಾತ್ರೆ ಕೊಡಿಸಬೇಕು. ಗುರುವಾರ ಬೆಳಿಗ್ಗೆ 11ಕ್ಕೆ ಕೊಡಿಸಿ. ತಲುಪುವ ಹೊತ್ತಿಗೆ 79 ಗಂಟೆ, ವ್ಯಾನು ಕೆಟ್ಟೋ ರೈಲು ತಡವಾಗಿಯೋ ಒಂದೂವರೆ ದಿನ ಹೋದರೂ ಗಡುವಿನೊಳಗಿರುತ್ತೀರಿ. ಬರೆಯುವುದರಲ್ಲಿ ತಪ್ಪಾದರೆ ಶುಕ್ರವಾರ ಕೈಯಲ್ಲಿದೆ. ಫ್ರಾನ್ಸಿನ ಗಡಿಯಾರ ಒಂದು ಗಂಟೆ ಮುಂದು, ಅಂಚಿಗೆ ತಂದುಕೊಳ್ಳಬೇಡಿ. ಗುರುವಾರ ಎಲ್ಲಿರುತ್ತೀರೋ ಆ ಊರಿನ ಕ್ಲಿನಿಕ್ಕಿಗೆ ಇಲ್ಲಿಂದಲೇ ಫೋನ್ ಮಾಡಿ, ಬ್ರಿಟನ್ನಿಗೆ ಮರಳುವ ನಾಯಿಗೆ "ಎಕಿನೊಕಾಕ್" ಮಾತ್ರೆ ಎಂದರೆ ಅವರಿಗೆ ಅರ್ಥವಾಗುತ್ತದೆ.

ಕ್ಲಿನಿಕ್ಕಿನ ಮೇಜಿನಿಂದ ಏಳುವ ಮುಂಚೆ ಪತ್ರವನ್ನು ಕೈಗೆ ತೆಗೆದುಕೊಂಡು ಆ ಸಾಲನ್ನು ಬೆರಳಿಟ್ಟು ಓದಿ. ಔಷಧಿ ತಯಾರಿಸಿದ ಕಂಪನಿ, ಔಷಧಿಯ ಹೆಸರು, ತಾರೀಖು, ಗಂಟೆ, ವೈದ್ಯರ ಮೊಹರು, ಸಹಿ. ಹೆಚ್ಚಾಗಿ ತಪ್ಪಿಹೋಗುವುದು ಗಂಟೆ, ಬಿಡುವಿಲ್ಲದ ವೈದ್ಯರು ತಾರೀಖು ಮಾತ್ರ ಬರೆದು ಮೊಹರು ಒತ್ತಿಬಿಡುತ್ತಾರೆ. ಚಿಪ್ ಓದಿ ಪತ್ರದ ಸಂಖ್ಯೆಗೆ ತಾಳೆ ನೋಡಲು ಹೇಳಿ. ಆ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ವಾಪಸ್ ರೈಲಿಗೆ ಮುಂಚೆ ಕ್ಯಾಲೆ ಬಳಿಯ ಕೊಕೆಲ್ ನಿಲ್ದಾಣದಲ್ಲಿ ಸಾಕುಪ್ರಾಣಿಗಳ ಕಟ್ಟಡಕ್ಕೆ ಮೊದಲು ಹೋಗಬೇಕು. ಅಲ್ಲಿ ತಪ್ಪು ಕಂಡರೆ ಮಾಮೂಲಾಗಿ ಆಗುವುದು ಇಷ್ಟು: ಹತ್ತಲು ಬಿಡುವುದಿಲ್ಲ, ಹತ್ತಿರದ ವೈದ್ಯರಲ್ಲಿ ಮತ್ತೆ ಮಾತ್ರೆ ಕೊಡಿಸಿ 24 ಗಂಟೆ ಕಾಯಬೇಕು. ರೇಬೀಸ್ ಅಥವಾ ಚಿಪ್ ಸರಿಯಿಲ್ಲದೆ ಬ್ರಿಟನ್ ತಲುಪಿದರೆ ನಾಲ್ಕು ತಿಂಗಳವರೆಗೆ ಕ್ವಾರಂಟೈನ್, ಖರ್ಚು ನಿಮ್ಮದು. ಮೇಲೆ ಹೇಳಿದ ಕ್ರಮದಲ್ಲಿ ಹೋದವರಿಗೆ ಅದು ಬರುವುದಿಲ್ಲ, ಅತ್ತೆಯವರಿಗೆ ಧೈರ್ಯವಾಗಿ ಹೇಳಿ. 2025ರ ಏಪ್ರಿಲ್‌ನಿಂದ ಯುರೋಪಿನ ದನ, ಕುರಿ, ಮೇಕೆ, ಹಂದಿಯ ಮಾಂಸ, ಚೀಸ್, ಹಾಲಿನ ಪದಾರ್ಥಗಳನ್ನು ಇತ್ತ ತರುವುದಕ್ಕೂ ಬ್ರಿಟನ್ ತಡೆ ಹಾಕಿದೆ. ಉಳಿದ ಚೀಸ್ ಅಲ್ಲೇ ತಿಂದು ಬನ್ನಿ, ಹೊರಡುವ ವಾರ ಸರ್ಕಾರದ ಪುಟದಲ್ಲಿ ಎರಡೂ ಕಡೆಯ ನಿಯಮ ಮತ್ತೊಮ್ಮೆ ನೋಡಿಕೊಳ್ಳಿ.

ಬಂದ ಮೇಲೆ ಕೆಲವು ವಾರ ಅವಳ ಮೇಲೆ ಕಣ್ಣಿರಲಿ. ಜ್ವರ, ಬಿಳಿಚಿದ ವಸಡು, ಕಾಫಿ ಬಣ್ಣದ ಮೂತ್ರ ಕಂಡರೆ ಅದು ಉಣುಗಿನಿಂದ ಬರುವ ಬಬೇಸಿಯಾ ಇರಬಹುದು, ಅದೇ ದಿನ ತೋರಿಸಿ, "ಫ್ರಾನ್ಸಿಗೆ ಹೋಗಿದ್ದೆವು" ಎಂಬುದನ್ನು ಮೊದಲ ಮಾತಾಗಿ ಹೇಳಿ. ಇಲ್ಲಿನ ವೈದ್ಯರಿಗೆ ಅದು ದಿನನಿತ್ಯದ ರೋಗವಲ್ಲ. ದಕ್ಷಿಣಕ್ಕೆ ಹೋಗಿದ್ದರೆ ಲೀಷ್ಮೇನಿಯಾ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ ತಲೆಯೆತ್ತುತ್ತದೆ: ಕಣ್ಣಿನ ಸುತ್ತ ಕೂದಲು ಉದುರುವುದು, ಹೊಟ್ಟು ಏಳುವ ಚರ್ಮ, ಬೇಗಬೇಗ ಬೆಳೆಯುವ ಉಗುರು, ತೂಕ ಇಳಿಯುವುದು. ಸುಮಾರು ಆರು ತಿಂಗಳ ನಂತರ ಒಂದು ರಕ್ತಪರೀಕ್ಷೆ ಮಾಡಿಸಿ. ನೀವು ಕೇಳಿದ ರಕ್ತಪರೀಕ್ಷೆ ಬೇಡ ಎಂದೆ, ಇದು ಬೇಕು.